ಕಡಿಮೆಯಾಗದ ಸದ್ದು

ಸಿರುಗುಪ್ಪದ ಆ ಮನೆಯಲ್ಲಿ ಶನಿವಾರ ರಾತ್ರಿ ಅಪ್ಪ ಮಗನಿಗೆ ಜಗಳವಾಯಿತು. ಕಾರಣ ಒಂದು ಗಿಟಾರ್. ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದ ಮಗ, ಗೆಳೆಯನಿಂದ ಅಗ್ಗಕ್ಕೆ ಕೊಂಡ ಎಲೆಕ್ಟ್ರಿಕ್ ಗಿಟಾರನ್ನೂ ಪುಟ್ಟ ಆಂಪ್ಲಿಫೈಯರನ್ನೂ ಊರಿಗೆ ತಂದಿದ್ದ. ಊಟ ಮುಗಿಸಿ ನುಡಿಸತೊಡಗಿದ.

'ಸೌಂಡ್ ಕಮ್ಮಿ ಮಾಡಪ್ಪ, ಜನ ಮಲಗೋ ಹೊತ್ತು' ಎಂದರು ಅಪ್ಪ. ಮಗ ಗಿಟಾರಿನ ವಾಲ್ಯೂಮ್ ನಾಬ್ ತಿರುಗಿಸಿದ. ಸದ್ದು ಮಂಕಾಯಿತೇ ಹೊರತು ಅಡಗಲಿಲ್ಲ. ಅಪ್ಪ ಮತ್ತೊಮ್ಮೆ ಹೇಳಿದರು. ನಾಬ್ ಸೊನ್ನೆಗೆ ಬಂದರೂ ಸದ್ದು ನಿಲ್ಲಲಿಲ್ಲ. ಅವನು ಎದ್ದು ಆಂಪ್ಲಿಫೈಯರಿನ ಬಳಿ ಹೋಗುವಷ್ಟರಲ್ಲಿ ಅಪ್ಪನೇ ಬಂದು ಪ್ಲಗ್ ಕಿತ್ತರು.

'ಇದು ಬಂದ ಮೇಲೇ ನಿನ್ನ ಮಾರ್ಕ್ಸ್ ಇಳಿದದ್ದು. ಈಗ ಹೇಳಿದ ಮಾತೂ ಕೇಳ್ತಿಲ್ಲ. ಇದನ್ನ ಮೊದಲು ಮಾರು!'

'ಕಮ್ಮಿ ಮಾಡಿದೆ ಅಪ್ಪಾ, ಅದು ಆಗ್ತಿಲ್ಲ.'

ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಅಪ್ಪನಿಗೆ ಇದೊಂದು ನೆಪವಾಗಿ ಕೇಳಿಸಿತು. ಮಗನಿಗೆ ನೋವಾದದ್ದು ಗಿಟಾರ್ ಮಾರಬೇಕೆಂದಲ್ಲ. ನಿಜ ಹೇಳಿದರೂ ನಂಬಲಿಲ್ಲವಲ್ಲ ಎಂದು.

ಬೆಳಿಗ್ಗೆ ಅಮ್ಮ, 'ಕುರುಗೋಡಿಗೆ ಹೋಗಿ ಮಾವನ ಹತ್ರ ತೋರಿಸು' ಎಂದಳು. ಬಳ್ಳಾರಿಯ ಅಂಗಡಿಯೊಂದರಲ್ಲಿ ಗಿಟಾರನ್ನು ಬಿಚ್ಚದೆಯೇ, ವೈರಿಂಗ್ ಪೂರ್ತಿ ಬದಲಿಸಬೇಕು ಎಂದಿದ್ದರು. ಅಷ್ಟು ಹಣ ಹುಡುಗನ ಬಳಿ ಇರಲಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ದಾರಿಯಲ್ಲಿದ್ದ ಮಾವನದು ಹಳೆಯ ರೇಡಿಯೋ ರಿಪೇರಿ ಅಂಗಡಿ. ಈಗ ಅಲ್ಲಿಗೆ ಬರುವುದು ಹೆಚ್ಚಾಗಿ ಮಿಕ್ಸಿ, ಫ್ಯಾನು. ಗಿಟಾರನ್ನು ಮಾವ ಬಿಚ್ಚಿ ನೋಡಿದವರಲ್ಲ.

ಆದರೆ ಗಿಟಾರಿಗೂ ರೇಡಿಯೋ ರಿಪೇರಿಗೂ ಹಳೆಯ ನಂಟಿದೆ. ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯಲ್ಲಿ ದೊಡ್ಡ ಹೆಸರಾದ ಲಿಯೋ ಫೆಂಡರ್ 1938ರಲ್ಲಿ ಅಮೆರಿಕದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವರು. ಮುಂದೆ ಟೆಲಿಕಾಸ್ಟರ್ ಎಂದು ಜಗತ್ಪ್ರಸಿದ್ಧವಾದ ಗಿಟಾರನ್ನು 1950ರ ಸುಮಾರಿಗೆ ಹೊರತಂದರು. ವಿಚಿತ್ರವೆಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ!

ಮಾವ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಲಿಲ್ಲ. 'ಮೊದಲು ಹೇಳು ಅಳಿಯಾ, ನೀನು ಇದಕ್ಕೆ ಏನೇನು ಮಾಡಿದೀ?' ಎಂದು ಕೇಳಿದರು.

ಹುಡುಗ ತಲೆ ತಗ್ಗಿಸಿದ. ತಿಂಗಳ ಹಿಂದೆ ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಯಾರೋ ಹೇಳಿದರೆಂದು ನಾಬಿನ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದ. ಆಮೇಲೆ ನಾಬ್ ಸಡಿಲವಾಗಿ ಸುತ್ತಿದಷ್ಟೂ ಸುತ್ತುತ್ತಿತ್ತು. ಜೋರಾಗಿ ತಿರುಗಿಸಿದ್ದ.

'ಇದನ್ನ ಅಂಗಡಿಯಲ್ಲಿ ಹೇಳಿದೆಯಾ?'

'ಇಲ್ಲ ಮಾವ, ಬೈತಾರೆ ಅಂತ...'

'ಬೈಸಿಕೊಂಡರೂ ಹೇಳಬೇಕು. ಅರ್ಧ ರಿಪೇರಿ ಅಲ್ಲೇ ಐತೆ.'

ಪರೀಕ್ಷೆ ಹೊರಗಿನಿಂದ ಶುರುವಾಯಿತು. ಮೊದಲು ಬೇರೆ ಕೇಬಲ್ ಹಾಕಿ ನೋಡಿದರು. ತೊಂದರೆ ಹಾಗೇ ಇತ್ತು. ಕೇಬಲ್ ಚುಚ್ಚುವ ಜ್ಯಾಕನ್ನು ಅಲ್ಲಾಡಿಸಿದರು; ಅದು ಗಟ್ಟಿಯಾಗಿತ್ತು. ಎರಡನೇ ನಾಬ್, ಅಂದರೆ ಟೋನ್ ತಿರುಗಿಸಿದರು. ಸ್ವರದ ಚೂಪು ಕಡಿಮೆಯಾಗಬೇಕಿತ್ತು, ಏನೂ ಆಗಲಿಲ್ಲ. ವಾಲ್ಯೂಮ್ ನಾಬನ್ನು ತಿರುಗಿಸಿದಾಗ ಮಾತ್ರ ಅದರ ಕೆಳಗಿನ ನಟ್ಟು ಸಡಿಲವಾಗಿರುವುದು ಬೆರಳಿಗೆ ತಿಳಿಯಿತು. ಕೇಬಲ್ ತೆಗೆದಿಟ್ಟು ಗಿಟಾರಿನ ಹಿಂಬದಿಯ ಮುಚ್ಚಳ ಬಿಚ್ಚಿದರು. ಒಳಗೆ ಕಂಡದ್ದು ಅವರಿಗೆ ಹಳೆಯ ಪರಿಚಯವೇ: ಮೂರು ಕಾಲಿನ ಎರಡು ಪೊಟೆನ್ಷಿಯೋಮೀಟರ್, ಒಂದು ಪುಟ್ಟ ಕೆಪಾಸಿಟರ್.

ತಂತಿಯ ಕೆಳಗಿರುವ ಪಿಕಪ್ ಎಂದರೆ ಆಯಸ್ಕಾಂತ, ಅದರ ಸುತ್ತ ಸುರುಳಿ. ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವವೇ ಇದು. ಈ ಸಂಕೇತ ವಾಲ್ಯೂಮಿನ ಮೊದಲ ಕಾಲಿಗೆ ಬರುತ್ತದೆ, ನಡುವಿನ ಕಾಲಿನಿಂದ ಆಂಪ್ಲಿಫೈಯರಿಗೆ ಹೋಗುತ್ತದೆ. ಮೂರನೆಯ ಕಾಲು ಗ್ರೌಂಡಿಗೆ ಸೇರಿರಬೇಕು. ನಾಬನ್ನು ಸೊನ್ನೆಗೆ ತಂದಾಗ ಸಂಕೇತವೆಲ್ಲ ಅಲ್ಲಿ ಇಳಿದುಹೋಗುವುದರಿಂದಲೇ ಸದ್ದು ಅಡಗುವುದು. ಟೋನಿನ ಕೆಪಾಸಿಟರ್ ಕೀಚು ಸ್ವರಗಳನ್ನಷ್ಟೇ ಗ್ರೌಂಡಿಗೆ ಇಳಿಸುತ್ತದೆ.

'ಇಲ್ನೋಡು' ಎಂದರು ಮಾವ. ನಟ್ಟು ಸಡಿಲವಾಗಿ, ನಾಬಿನ ಜೊತೆ ಇಡೀ ಪೊಟೆನ್ಷಿಯೋಮೀಟರೇ ಸುತ್ತಿ, ಮೂರನೆಯ ಕಾಲಿನ ತಂತಿ ಬೆಸುಗೆಯಿಂದ ಕಿತ್ತುಬಂದಿತ್ತು. ಕೆಪಾಸಿಟರಿನ ಒಂದು ತುದಿಯೂ ಅದೇ ಬೆಸುಗೆಯಲ್ಲಿದ್ದದ್ದು, ಅದೂ ಬಿಟ್ಟಿತ್ತು. ತೊಂದರೆ ಎರಡು, ಕಾರಣ ಒಂದೇ. ಸಂಕೇತಕ್ಕೆ ಇಳಿಯಲು ದಾರಿಯೇ ಇಲ್ಲದ ಮೇಲೆ ಸದ್ದು ಕಡಿಮೆಯಾಗುವುದೆಲ್ಲಿಂದ?

ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನಡುಗಾಲಿಗೂ ಇನ್ನೊಂದನ್ನು ಮೂರನೆಯ ಕಾಲಿಗೂ ಹಿಡಿದು ನಾಬ್ ತಿರುಗಿಸಿದರು. ಅಂಕಿ ಸೊನ್ನೆಯಿಂದ ಏರುತ್ತ 500 ಕಿಲೋ ಓಮ್ ಹತ್ತಿರ ಹೋಯಿತು, ನಡುವೆ ಮಾತ್ರ ಜಿಗಿಯುತ್ತಿತ್ತು. 'ಜಿಗಿಯೋದು ಕೊಳೆಯಿಂದ. ನಿಮ್ಮೂರಿನ ಭತ್ತದ ಹೊಟ್ಟಿನ ಧೂಳು, ಮೇಲೆ ನಿನ್ನ ಎಣ್ಣೆ!' ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಮೂವತ್ತು ಸಲ ತಿರುಗಿಸಿದ ಮೇಲೆ ಅಂಕಿ ನಯವಾಗಿ ಏರಿ ಇಳಿಯಿತು. ಆಗಲೂ ಜಿಗಿದಿದ್ದರೆ ಅದೊಂದನ್ನು ಬದಲಿಸಿದರೆ ಸಾಕಿತ್ತು.

'ಗಿಟಾರಿನೊಳಗೆ ಕರೆಂಟಿನ ಭಯ ಇಲ್ಲ. ಆಂಪ್ಲಿಫೈಯರ್ ಮಾತ್ರ ಎಂದೂ ಬಿಚ್ಚಬೇಡ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರತೈತೆ' ಎನ್ನುತ್ತ ಮಾವ ಬೆಸುಗೆ ಹಾಕಿ, ನಟ್ಟು ಬಿಗಿದರು. ಹುಡುಗ ಮೀಟರನ್ನೇ ನೋಡುತ್ತಿದ್ದ. 'ರೋಧ ಅಂದ್ರೆ ಇದೇ ಅಲ್ವಾ ಮಾವ? ಹತ್ತನೇ ಕ್ಲಾಸಿನಲ್ಲಿ ಕನ್ನಡದಲ್ಲಿ ಓದಿದಾಗ ತಿಳಿದಿತ್ತು. ಈಗ ಎಲ್ಲ ಇಂಗ್ಲಿಷಿನಲ್ಲಿ. ಮೇಷ್ಟ್ರು ಹೇಳೋದು ಅರ್ಧಕ್ಕರ್ಧ ತಲೆಗೇ ಹೋಗಲ್ಲ.'

ಮಾವ ಬೆಸುಗೆಯ ಕಡ್ಡಿಯನ್ನು ಬದಿಗಿಟ್ಟರು. 'ಮಾರ್ಕ್ಸ್ ಇಳಿದದ್ದು ಅದಕ್ಕಾ? ಅಪ್ಪಂಗೆ ಹೇಳಿದೆಯಾ?'

'ಇಲ್ಲ.'

'ಅಂಗಡಿಯವನಿಗೂ ಹೇಳಲಿಲ್ಲ, ಅಪ್ಪಂಗೂ ಹೇಳಲಿಲ್ಲ. ಮತ್ತೆ ಅವರು ಕಣ್ಣಿಗೆ ಕಂಡದ್ದನ್ನೇ ಕಾರಣ ಅಂತಾರೆ.'

ಆ ಸಂಜೆ ಸಿರುಗುಪ್ಪದ ಮನೆಯಲ್ಲಿ ಮಗ ಮೊದಲು ಗಿಟಾರ್ ತೆಗೆಯಲಿಲ್ಲ. ಭೌತಶಾಸ್ತ್ರದ ಪುಸ್ತಕ ತೆರೆದು, ತನಗೆ ತಿಳಿಯದ ಪುಟಗಳನ್ನು ಅಪ್ಪನಿಗೆ ತೋರಿಸಿದ. ಬೆರಳಿಟ್ಟ ಕಡೆಯೆಲ್ಲ ಪೆನ್ಸಿಲಿನಲ್ಲಿ ಪ್ರಶ್ನೆಯ ಗುರುತು. ಅಪ್ಪ ಬಹಳ ಹೊತ್ತು ಪುಟ ತಿರುವಿದರು. 'ಮೊದಲೇ ಯಾಕೆ ಹೇಳಲಿಲ್ಲ?' ಎಂದು ಕೇಳಿ, ತಾವೇ ಸುಮ್ಮನಾದರು. ಹಿಂದಿನ ರಾತ್ರಿ ಹೇಳಿದ್ದೊಂದನ್ನು ತಾವು ನಂಬಿರಲಿಲ್ಲ ಎಂಬುದು ನೆನಪಾಗಿರಬೇಕು. ಪರಿಚಯದ ಮೇಷ್ಟರೊಬ್ಬರನ್ನು ಕನ್ನಡದಲ್ಲೂ ಬಿಡಿಸಿ ಹೇಳಿಕೊಡುವಂತೆ ಕೇಳುತ್ತೇನೆ ಎಂದರು.

ರಾತ್ರಿ ಗಿಟಾರ್ ನುಡಿಯಿತು. ಅಪ್ಪ ಒಳಗಿನಿಂದ, 'ಸೌಂಡ್ ಕಮ್ಮಿ ಮಾಡಪ್ಪ' ಎಂದರು. ಕರಕರ ಎನ್ನದೆ, ಸದ್ದು ಮೆಲ್ಲಗೆ ಇಳಿಯುತ್ತ ಇಳಿಯುತ್ತ ಪೂರ್ತಿ ನಿಂತಿತು.

ಕ್ಷಣ ಬಿಟ್ಟು ಒಳಗಿನಿಂದ ಮತ್ತೆ ದನಿ ಬಂತು: 'ಅಷ್ಟೊಂದಲ್ಲ. ಸ್ವಲ್ಪ ಕೇಳಿಸಲಿ.'