ರತ್ನಪಕ್ಷಿಯೂ ಭಾರದ್ವಾಜನೂ

ಬೇಸಿಗೆಯಲ್ಲಿ ಪುಣೆಯ ಪತ್ರಿಕೆಗಳು ಅಚ್ಚಿಸುವ ಉಷ್ಣಾಂಶದಲ್ಲಿ ನಮ್ಮ ಶಿವಾಜಿನಗರದ ಹೆಸರು ತಪ್ಪದೆ ಇರುತ್ತದೆ. ಹವಾಮಾನ ಇಲಾಖೆಯ ಕಚೇರಿ ಇಲ್ಲಿಯೇ ಇದೆ. 1928ರಲ್ಲಿ ಅದು ಶಿಮ್ಲಾದಿಂದ ಇಲ್ಲಿಗೆ ಸ್ಥಳಾಂತರವಾಯಿತು. ಊರಿನವರು ಆ ಕಟ್ಟಡವನ್ನು ಇಂದಿಗೂ 'ಸಿಮ್ಲಾ ಆಫೀಸ್' ಎಂದೇ ಕರೆಯುತ್ತಾರೆ. ಊರಿಂದೂರಿಗೆ ವರ್ಗವಾಗುವ ಕೇಂದ್ರ ಸರ್ಕಾರಿ ನೌಕರರಾದ ನಮಗೆ ಇದೊಂದು ಪ್ರಿಯವಾದ ಸಂಗತಿ. ಕಚೇರಿಯೊಡನೆ ಹೆಸರೂ ವರ್ಗವಾಗಿ ಬಂದು ಇಲ್ಲಿ ಬೇರೂರಿದೆ.

ನಮ್ಮ ವಸತಿಗೃಹದ ಮುಂದೆ ಪುಟ್ಟದೊಂದು ಅಂಗಳವಿದೆ. ಎರಡು ಪೊದೆ ದುಂಡುಮಲ್ಲಿಗೆ, ಒಂದು ದಾಸವಾಳ, ಕರಿಬೇವು, ನಿಂಬೆ. ಗೋಡೆಯಾಚೆ ಒಂದು ಕಕ್ಕೆಮರ. ಏಪ್ರಿಲ್ ಕಳೆಯುವಷ್ಟರಲ್ಲಿ ಕಕ್ಕೆ ಬಹುಪಾಲು ಎಲೆಯುದುರಿಸಿ, ಹಳದಿ ಗೊಂಚಲುಗಳನ್ನು ಇಳಿಬಿಡುತ್ತದೆ. ಉಳಿದ ಹಸಿರೆಲ್ಲ ಬಾಡುವ ಹೊತ್ತಿಗೆ ಈ ಮರಕ್ಕೆ ಹಬ್ಬ. ನೆರೆಯವರಿಗೆ ಅದು 'ಬಹಾವಾ', ಮಲ್ಲಿಗೆ 'ಮೋಗರಾ'.

ದಾಸವಾಳಕ್ಕೆ ಸೂರಕ್ಕಿಗಳು ಬರುತ್ತವೆ. ಈ ಋತುವಿನಲ್ಲಿ ಗಂಡು ಬಿಸಿಲಿಗೆ ನೀಲಿ, ನೇರಳೆಯಾಗಿ ಮಿರುಗುತ್ತದೆ. ಮರಿಮಾಡುವ ಕಾಲ ಮುಗಿದ ಮೇಲೆ ಆ ಬೆಡಗು ಕಳಚಿ, ಕೊರಳಿನಿಂದ ಕೆಳಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಕಳೆದ ಬೇಸಿಗೆಯಲ್ಲಿ ಹೆಣ್ಣು ಸೂರಕ್ಕಿ ನಮ್ಮ ಬಟ್ಟೆ ಒಣಹಾಕುವ ತಂತಿಗೇ ಗೂಡು ಕಟ್ಟಿತು. ಜೇಡರ ಬಲೆಯ ನೂಲಿನಿಂದ ಹುಲ್ಲು, ತೊಗಟೆಯ ಚೂರುಗಳನ್ನು ಬಿಗಿದು ಮಾಡಿದ ಆ ಗೂಡು, ಗಾಳಿಗೆ ಸಿಕ್ಕ ಕಸದಂತೆ ತೂಗುತ್ತಿತ್ತು. ಮರಿಗಳು ಹಾರಿಹೋಗುವವರೆಗೆ ನಮ್ಮ ಬಟ್ಟೆಗಳು ಮನೆಯೊಳಗೇ ಒಣಗಿದವು.

ನಿಂಬೆಗಿಡ ಚಿಟ್ಟೆಯ ಹುಳುಗಳ ಪಾಲು. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ. ಬಲಿತಾಗ ಎಲೆಯ ಹಸಿರನ್ನು ತಾಳುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಎರಡು ಕೋಡುಗಳನ್ನು ಚಾಚಿ ಘಾಟು ವಾಸನೆ ಹೊರಡಿಸುತ್ತದೆ. ಇಷ್ಟೆಲ್ಲ ಉಪಾಯ ಬಲ್ಲ ಜೀವಿಗೆ ಹತ್ತು ಎಲೆ ಬಿಟ್ಟುಕೊಡಲು ನಮಗೆ ಬೇಸರವಿಲ್ಲ.

ಆದರೆ ಮನೆಯಲ್ಲಿ ನಿಜವಾದ ಚರ್ಚೆ ಎಬ್ಬಿಸಿದ್ದು ಕೆಂಗಣ್ಣಿನ, ಇಟ್ಟಿಗೆ ಬಣ್ಣದ ರೆಕ್ಕೆಯ ಒಂದು ದೊಡ್ಡ ಹಕ್ಕಿ. ನಮ್ಮಿಬ್ಬರಲ್ಲಿ ಶಿವಮೊಗ್ಗದ ಕಡೆಯವರಿಗೆ ಅದು ಕೆಂಬೂತ. ಧಾರವಾಡದ ಕಡೆಯವರಿಗೆ ರತ್ನಪಕ್ಷಿ, ಕಂಡರೆ ಶುಭ. ಪುಣೆಯಲ್ಲಿ ಹುಟ್ಟಿದ ಮಗಳಿಗೆ ಅದು ಭಾರದ್ವಾಜ. ಮರಾಠಿಗರಿಗೂ ಅದರ ದರ್ಶನ ಶುಭವೇ. ನವಿಲನ್ನು ಕಂಡು ಕುಣಿಯಹೊರಟ ಕೆಂಬೂತದ ಗಾದೆಯನ್ನು ಹೇಳಿದಾಗ ಅವಳು ಕೇಳಿದಳು: "ಋಷಿಯ ಹೆಸರಿರೋ ಹಕ್ಕೀನ ನೀವ್ಯಾಕೆ ಗೇಲಿ ಮಾಡ್ತೀರಿ?" ಕೀಟ್ಸನ ನೈಟಿಂಗೇಲನ್ನು ಕೇಳದೆಯೇ ಅದರ ಮೇಲೆ ಪುಟಗಟ್ಟಲೆ ಬರೆದು ಇಂಗ್ಲಿಷ್ ಎಂ.ಎ. ಪಡೆದ ನಮ್ಮಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಒಂದು ಹೆಸರಿನೊಳಗೆ ಆ ನಾಡಿನವರು ಹಕ್ಕಿಯನ್ನು ನೋಡಿದ ಬಗೆಯೂ ಅಡಗಿದೆ. ಕನ್ನಡದ ಹೆಸರು ಮರೆತರೆ ನಮ್ಮ ನಗೆಯೂ ನಮ್ಮ ಶುಭವೂ ಒಟ್ಟಿಗೇ ಹೋಗುತ್ತವೆ.

ಈ ಅಂಗಳ ನಮ್ಮದಲ್ಲ. ವರ್ಗದ ಆದೇಶ ಬಂದ ದಿನ ಫ್ಯಾನು, ನಲ್ಲಿ, ಬೀಗದ ಕೈಗಳನ್ನು ಎಣಿಸಿ ಒಪ್ಪಿಸಬೇಕು. ಮಲ್ಲಿಗೆಯೂ ಸೂರಕ್ಕಿಯೂ ಆ ಪಟ್ಟಿಯಲ್ಲಿಲ್ಲ, ನಮ್ಮ ಲಾರಿಯಲ್ಲಿಯೂ ಬರುವುದಿಲ್ಲ. ಆದುದರಿಂದ ಈ ವರ್ಷ ಒಂದು ನೋಟ್‌ಪುಸ್ತಕ ಮಾಡಿದ್ದೇವೆ. ಮರಾಠಿ ಹೆಸರುಗಳನ್ನು ಮಗಳು ಬರೆಯುತ್ತಾಳೆ, ಕನ್ನಡದವನ್ನು ನಾವು. ತಿಳಿಯದ ಕಡೆ ಖಾಲಿ ಬಿಟ್ಟು, ಭಾನುವಾರ ಧಾರವಾಡದ ಅಜ್ಜಿಗೆ ಫೋನು ಮಾಡುತ್ತೇವೆ.

ಕಳೆದ ವಾರ ಅವಳು 'ತಾಂಬಟ' ಎಂದು ಬರೆದಳು. ಮಧ್ಯಾಹ್ನದ ಬಿಸಿಲಿನಲ್ಲಿ ಟುಕ್ ಟುಕ್ ಎನ್ನುತ್ತಲೇ ಇರುವ ಪುಟ್ಟ ಹಸಿರು ಹಕ್ಕಿ ಅದು. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ತಾಮ್ರ ಬಡಿಯುವವರ ಹೆಸರೂ ಅದೇ. ಅಜ್ಜಿಗೆ ಫೋನಿನಲ್ಲಿಯೇ ಆ ದನಿ ಕೇಳಿಸಿದೆವು. ಅವರು ಒಂದು ಕ್ಷಣವೂ ತಡೆಯದೆ ಹೇಳಿದರು: "ಕಂಚುಗಾರ ಹಕ್ಕಿ ಅಲ್ಲೇನವಾ ಅದು!"