ಜ್ವರ ಬಂದಾವರಿ

ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಎಳೆಗಳು ಸಾವಿರಗಟ್ಟಲೆ. ನಮ್ಮ ಕಾಕಾ ಈ ಕೆಲಸದಲ್ಲಿ ಪಳಗಿದವ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಕೂತನೆಂದರೆ, ಬಂದವರೊಡನೆ ಮಾತಾಡುತ್ತಲೇ ಕೊಂಡಿ ಹಾಕುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ.

ಮುಂದೆ ತಪ್ಪತೊಡಗಿತು. ‘ಈ ಸಲದ ರೇಷ್ಮೆನ ಸುಮಾರ ಐತಿ’ ಅಂದ. ಆಮೇಲೆ ಮನೆಯಲ್ಲಿ ಬೆಳಕು ಸಾಲದು ಅಂದ. ಮಳೆಗಾಲದ ಥಂಡಿಗೆ ಎಳೆ ಜಗ್ಗುವುದಿಲ್ಲ ಅಂದ. ನಡುಗುತ್ತಿದ್ದದ್ದು ಅವನ ಕೈ. ರಾತ್ರಿ ಕುಡಿದು ಬಂದದ್ದು ಇಡೀ ಓಣಿಗೆ ಗೊತ್ತಿತ್ತು. ಆದರೂ ಅವನು ನಮಗೆ ಸುಳ್ಳು ಹೇಳುತ್ತಿದ್ದ ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ರೇಷ್ಮೆಯನ್ನು ಬೆಳಕಿಗೆ ಹಿಡಿದು ನಿಜವಾಗಿ ನೋಡುತ್ತಿದ್ದ, ದೋಷ ಹುಡುಕುತ್ತಿದ್ದ. ಕುಡಿತ ಮಾತ್ರ ನಾಳೆ ಬಿಡುವ ವಿಷಯವಾಗಿತ್ತು.

ಸಾವಕಾರರು ಸೀರೆ ಕೇಳಿಕೊಂಡು ಬಂದಾಗ ಚಿಗವ್ವ ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದಳು. ‘ಕಾಕಾಗ ಜ್ವರ ಬಂದಾವರಿ’ ಎಂದು ನಾನು ಹೇಳಬೇಕು. ಮೂರನೇ ಇಯತ್ತೆಯ ಹುಡುಗ. ಅವರು ನನ್ನ ಮುಖ ನೋಡಿ, ‘ಹೌದೇನಪಾ, ಆರಾಮ ಆಗಲಿ’ ಎಂದು ತಿರುಗಿ ಹೋಗುತ್ತಿದ್ದರು. ಅವರಿಗೂ ಗೊತ್ತಿತ್ತು. ಯಾರೂ ನಂಬದ ಒಂದು ಸುಳ್ಳನ್ನು ಎಲ್ಲರೂ ಸೇರಿ ಜೋಪಾನ ಮಾಡುತ್ತಿದ್ದೆವು. ಮರ್ಯಾದೆಗಾಗಿ ಅನ್ನುತ್ತಾರೆ. ಮರ್ಯಾದೆಗಿಂತ ಅಂಜಿಕೆಯೇ ದೊಡ್ಡದಿತ್ತು ಎಂದು ನನಗನಿಸುತ್ತದೆ. ಒಮ್ಮೆ ಖರೆ ಬಾಯಿಂದ ಹೊರಬಿದ್ದರೆ ಮರುದಿನದಿಂದ ಏನಾದರೂ ಮಾಡಲೇಬೇಕಲ್ಲ.

ಬಾದಾಮಿಗೆ ಶಾಲೆಯಿಂದ ಹೋದಾಗ, ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂಡಿಸಿ ನಮ್ಮ ಮಾಸ್ತರರು ವಾತಾಪಿಯ ಕಥೆ ಹೇಳಿದರು. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಕೊಯ್ದು, ಅಡಿಗೆ ಮಾಡಿ ಅತಿಥಿಗಳಿಗೆ ಉಣಿಸುತ್ತಿದ್ದ. ಉಂಡ ಮೇಲೆ ‘ಬಾ’ ಎಂದು ಕರೆದರೆ ಅವನು ಹೊಟ್ಟೆ ಸೀಳಿ ಹೊರಗೆ ಬರುತ್ತಿದ್ದ. ಅಗಸ್ತ್ಯರು ಉಂಡು ಅರಗಿಸಿಕೊಂಡರು. ಹುಡುಗರೆಲ್ಲ ಚಪ್ಪಾಳೆ ಹೊಡೆದರು. ನನಗೆ ಉಳಿದದ್ದು ಇಲ್ವಲನ ಕೂಗು. ಮಂದಿಗೆ ಮೋಸ ಮಾಡಲು ಅವನು ಪ್ರತಿ ಸಲವೂ ಒಡಹುಟ್ಟಿದವನನ್ನೇ ಕೊಯ್ಯಬೇಕಾಗಿತ್ತು. ಇಷ್ಟು ಸಲ ಎದ್ದು ಬಂದವನು ಈ ಸಲವೂ ಬರುತ್ತಾನೆ ಎಂದು ನಂಬಿದ್ದ. ನಾಳೆ ಬಿಟ್ಟೇನು ಅನ್ನುವವನ ನಂಬಿಕೆಯೂ ಅಂಥದ್ದೇ.

ನಮ್ಮೂರು ಇಳಕಲ್ಲ. ಇಲ್ಲಿಯ ವಿಜಯ ಮಹಾಂತೇಶ ಮಠದ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳುಕಡಿ ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. ನಿಮ್ಮ ದುಶ್ಚಟ ಭಿಕ್ಷೆ ಹಾಕಿರಿ ಅಂದರು. ಹುನಗುಂದ ಸೀಮೆಯ ಹಳ್ಳಿಗಳಲ್ಲಿ, ಕೇರಿಗಳಲ್ಲಿ, ಆಮೇಲೆ ನಾಡಿನ ತುಂಬ ತಿರುಗಿದರು. ಆಣೆ ಮಾಡುವುದು ದೊಡ್ಡದಲ್ಲ, ಕಾಕಾ ಮನಸ್ಸಿನಲ್ಲೇ ನೂರು ಸಲ ಮಾಡಿದ್ದ. ಜೋಳಿಗೆ ಎದುರಿಗೆ ಬಂದರೆ ಮಾತು ಬೇರೆ. ನಾಲ್ಕು ಮಂದಿ ಕೇಳುವಂತೆ, ‘ನಾ ಕುಡಿತೀನಿ, ಯಪ್ಪಾ’ ಎಂದು ಮೊದಲು ಹೇಳಬೇಕು. ಕಾಕಾ ಹೇಳಿದ. ಚಿಗವ್ವ ಗೋಡೆಗೆ ಒರಗಿ ಅತ್ತಳು.

ಒಂದು ವರ್ಷದ ಮೇಲೆ ಒಮ್ಮೆ ತಪ್ಪಿದ. ಮರುದಿನ ಸಾವಕಾರರು ಬಂದಾಗ ನಾನು ಎಂದಿನಂತೆ ಬಾಗಿಲಿಗೆ ಎದ್ದೆ. ಕಾಕಾ ನನ್ನ ಭುಜ ಹಿಡಿದು ಕೂಡಿಸಿ, ತಾನೇ ಹೋಗಿ, ‘ನಿನ್ನಿ ಕುಡದಿದ್ನಿರಿ, ಸೀರಿ ಆಗಿಲ್ಲ’ ಅಂದ. ಮತ್ತೆ ಕುಡಿಯಲಿಲ್ಲ.

ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ದಿನ ಭಾಷಣಗಳಾಗುತ್ತವೆ, ಆಗಲಿ. ನಾನು ಕೇಳಿಕೊಳ್ಳುವುದು ಒಂದೇ. ನಿಮ್ಮ ಮನೆಯಲ್ಲಿ ಕುಡಿಯುವವರಿದ್ದರೆ, ಬಾಗಿಲಿಗೆ ಬಂದವರಿಗೆ ಉತ್ತರ ಕೊಡಲು ಮಗುವನ್ನು ಕಳಿಸಬೇಡಿ.