ಲಂಡನ್ ಮಳೆಯಲ್ಲಿ ಸೊರಬದ ಕೊಡೆಗಳು

ಲಂಡನ್ ಎಂದೊಡನೆ ಬಿಗ್ ಬೆನ್ ಗಡಿಯಾರ, ಕೆಂಪು ಬಸ್ಸು, ಜೊತೆಗೆ ಬಿಡದೆ ಸುರಿಯುವ ಮಳೆ ಕಣ್ಣ ಮುಂದೆ ಬರುತ್ತವೆ. ಸೊರಬ ತಾಲ್ಲೂಕಿನ ನಾಲ್ವರು ಗೆಳೆಯರು ಒಂದು ಅಕ್ಟೋಬರ್ ತಿಂಗಳಲ್ಲಿ ಅಲ್ಲಿಗೆ ಹೊರಟಾಗಲೂ ಮರೆಯದೆ ಕಟ್ಟಿಕೊಂಡದ್ದು ಕೊಡೆಗಳನ್ನೇ. ಇಬ್ಬರು ಅಡಿಕೆ ಬೆಳೆಗಾರರು, ಒಬ್ಬರು ನಿವೃತ್ತ ಅಂಚೆ ನೌಕರರು, ಇನ್ನೊಬ್ಬರು ಔಷಧಿ ಅಂಗಡಿಯವರು. ಬೆಳೆಗಾರರೊಬ್ಬರ ಮಗಳು ಅಲ್ಲಿ ಉದ್ಯೋಗದಲ್ಲಿದ್ದುದರಿಂದ ವಸತಿಯ ಚಿಂತೆ ಇರಲಿಲ್ಲ.

ಮೊದಲ ದಿನವೇ ಮಳೆ ಬಂತು. ಆದರೆ ಅದು ಜಡಿಮಳೆಯಲ್ಲ, ಬರಿಯ ಸೋನೆ. ಕೊಡೆ ಬಿಚ್ಚುವಷ್ಟರಲ್ಲಿ ನಿಲ್ಲುತ್ತಿತ್ತು, ಮಡಿಸಿದೊಡನೆ ಮತ್ತೆ ಹನಿಯುತ್ತಿತ್ತು.

"ಇದೂ ಒಂದು ಮಳೆಯೇನೋ ಮಾರಾಯ? ನಮ್ಮ ಆರಿದ್ರಾ ಮಳೆಯ ಮುಂದೆ ಇದು ಇಬ್ಬನಿ!" ಎಂದು ಬೆಳೆಗಾರರು ನಕ್ಕರು.

ಲೆಕ್ಕ ನೋಡಿದರೆ ಅವರ ಮಾತು ಸುಳ್ಳಲ್ಲ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು, ಸುಮಾರು 970 ಮಿ.ಮೀ. ಬೀಳುತ್ತದೆ. ಶಿವಮೊಗ್ಗ ಜಿಲ್ಲೆಯದೇ ಆದ ಆಗುಂಬೆಯಲ್ಲಿ ಅದು 7,000 ಮಿ.ಮೀ. ದಾಟುತ್ತದೆ. ಆದರೂ ಮಳೆಯೂರೆಂಬ ಹೆಸರು ಲಂಡನ್ನಿಗೇ ಏಕೆ ಬಂತು? ಇದ್ದ ಅಷ್ಟು ಮಳೆಯೇ ಹನ್ನೆರಡು ತಿಂಗಳಿಗೂ ಹಂಚಿಕೊಂಡು, ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಬೀಳುತ್ತದೆ. ಮಲೆನಾಡಿನಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ.

ಕಡಿಮೆ ಮಳೆಗೆ ಕಾರಣ ಭೂಗೋಳದಲ್ಲಿದೆ. ಅಟ್ಲಾಂಟಿಕ್ ಸಾಗರದಿಂದ ಬರುವ ಪಡುವಣ ಗಾಳಿ ವೇಲ್ಸ್ ಸೀಮೆಯ ಬೆಟ್ಟಗಳನ್ನು ಏರುವಾಗಲೇ ತನ್ನ ತೇವದಲ್ಲಿ ಬಹುಪಾಲನ್ನು ಇಳಿಸಿಬಿಡುತ್ತದೆ. ಪೂರ್ವದಲ್ಲಿರುವ ಲಂಡನ್ನಿಗೆ ಸಿಗುವುದು ಉಳಿದದ್ದು. ಘಟ್ಟದ ನೆತ್ತಿಯಲ್ಲಿ ಸುರಿದ ಮಳೆ ಸೊರಬಕ್ಕೆ ಬರುವಾಗ ಕಡಿಮೆಯಾಗಿ, ಶಿಕಾರಿಪುರದಲ್ಲಿ ಇನ್ನೂ ಕಡಿಮೆಯಾಗುವುದೂ ಇದೇ ಬಗೆಯಲ್ಲಿ.

ಎರಡನೆಯ ದಿನ ಗೆಳೆಯರು ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿದರು. 1666ರ ಮಹಾ ಬೆಂಕಿಯಲ್ಲಿ ಹಳೆಯ ದೇಗುಲ ಹಾಳಾದ ಮೇಲೆ ಈಗಿನ ಕಟ್ಟಡವನ್ನು ರೂಪಿಸಿದವರು ಕ್ರಿಸ್ಟೊಫರ್ ರೆನ್. ಅವರು ಖಗೋಳ ವಿಜ್ಞಾನದ ಪ್ರಾಧ್ಯಾಪಕರೂ ಆಗಿದ್ದರೆಂಬುದು ಹಲವರಿಗೆ ತಿಳಿಯದು. ತುಂಬಿದೊಡನೆ ತಾನಾಗಿ ಬಾಗಿ ನೀರು ಚೆಲ್ಲುವ ಬಟ್ಟಲಿನ ಮಳೆಮಾಪಕವನ್ನು ಅವರು 1660ರ ದಶಕದಲ್ಲೇ ಯೋಚಿಸಿದ್ದರು. ಬಟ್ಟಲು ಎಷ್ಟು ಸಲ ಬಾಗಿತೆಂದು ಎಣಿಸಿದರೆ ಮಳೆಯ ಲೆಕ್ಕ ಸಿಗುತ್ತದೆ. ಇಂದಿನ ಅನೇಕ ಸ್ವಯಂಚಾಲಿತ ಮಾಪಕಗಳು ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ.

ಮಳೆಯನ್ನು ಅಳೆದ ಊರಿನಲ್ಲೇ ಮೋಡಕ್ಕೆ ಹೆಸರಿಟ್ಟವರೂ ಇದ್ದರು. ಶಾಲಾ ಪುಸ್ತಕಗಳಲ್ಲಿ ಬರುವ ಕ್ಯುಮುಲಸ್, ಸ್ಟ್ರೇಟಸ್, ಸಿರಸ್ ಎಂಬ ಹೆಸರುಗಳನ್ನು 1802ರಲ್ಲಿ ಒಂದು ಉಪನ್ಯಾಸದಲ್ಲಿ ಮುಂದಿಟ್ಟ ಲ್ಯೂಕ್ ಹೊವಾರ್ಡ್ ವೃತ್ತಿಯಿಂದ ಔಷಧ ತಯಾರಕರು. ಟಾಟನ್‌ಹ್ಯಾಮಿನಲ್ಲಿ ಅವರಿದ್ದ ಮನೆಯ ಗೋಡೆಯ ಮೇಲಿರುವ ನೀಲಿ ಫಲಕ ಅವರನ್ನು 'ಮೋಡಗಳಿಗೆ ಹೆಸರಿಟ್ಟವರು' ಎಂದೇ ಕರೆಯುತ್ತದೆ. ಔಷಧಿ ಅಂಗಡಿಯ ಗೆಳೆಯರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಬರಲಿಲ್ಲ. "ಅವರು ಮೋಡಕ್ಕೆ ಹೆಸರಿಟ್ಟರು, ನಮ್ಮ ಹಿರಿಯರು ಮಳೆಗೇ ನಕ್ಷತ್ರದ ಹೆಸರಿಟ್ಟಿದ್ದಾರೆ" ಎಂದು ಬೆಳೆಗಾರರು ಬಿಟ್ಟುಕೊಡಲಿಲ್ಲ.

ಮೂರನೆಯ ದಿನ ಮಳೆ ಸ್ವಲ್ಪ ಬಿರುಸಾಯಿತು. ಅಂಥ ದಿನಕ್ಕೆ ಬ್ರಿಟಿಷ್ ಮ್ಯೂಸಿಯಂ ಒಳ್ಳೆಯ ಆಸರೆ. ಶಾಶ್ವತ ಸಂಗ್ರಹಗಳನ್ನು ನೋಡಲು ಟಿಕೆಟ್ ಇಲ್ಲ. ಅದರ ನಡು ಅಂಗಳಕ್ಕೆ 2000ದಲ್ಲಿ ಹೊದಿಸಿದ ಮಾಡಿನಲ್ಲಿ 3,312 ಗಾಜಿನ ಹಲಗೆಗಳಿವೆ. ಒಂದರ ಅಳತೆ ಇನ್ನೊಂದಕ್ಕಿಲ್ಲ. ತಲೆಯ ಮೇಲೆ ಮಳೆ ಬೀಳುತ್ತಿದ್ದರೂ ಅಂಗಳದಲ್ಲಿ ಬೆಳಕು ತುಂಬಿರುತ್ತದೆ.

ಸಂಜೆ ಥೇಮ್ಸ್ ನದಿಯ ದಂಡೆಗೆ ಬಂದರು. ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣಗೊಳಿಸಿದರು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಭವನ ಕಾಣುತ್ತದೆ. ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿಗಳ ನೆರೆಯವರಿಗೆ ದೂರದ ಊರಿನಲ್ಲಿ ಮನೆಯವರೊಬ್ಬರು ಸಿಕ್ಕಂತಾಯಿತು.

ಪ್ರತಿಮೆ ನಿಂತಿರುವ ದಂಡೆಗೂ ಒಂದು ಕಥೆಯಿದೆ. 1858ರ ಬೇಸಿಗೆಯಲ್ಲಿ ಚರಂಡಿ ನೀರು ತುಂಬಿದ ಥೇಮ್ಸ್ ನದಿಯ ನಾತಕ್ಕೆ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಯಿತು. ಆಗ ಜೋಸೆಫ್ ಬ್ಯಾಜಲ್ಗೆಟ್ ಎಂಬ ಎಂಜಿನಿಯರು ನಗರದಡಿ ದೊಡ್ಡ ಒಳಚರಂಡಿಗಳನ್ನು ಕಟ್ಟಿಸಿದರು. ತಗ್ಗಿನ ಲ್ಯಾಂಬೆತ್ತಿಗೆ ನೆರೆ ನುಗ್ಗದಂತೆ 1866ರಿಂದ 1869ರವರೆಗೆ ಈ ದಂಡೆಯನ್ನು ಕಟ್ಟಿಸಿದವರೂ ಅವರೇ. ಆದರೆ ಮಳೆನೀರಿಗೂ ಕೊಳೆನೀರಿಗೂ ಒಂದೇ ಕೊಳವೆಯಾದ್ದರಿಂದ, ನಗರ ಬೆಳೆದಂತೆ ಮಳೆ ಬಂದಾಗಲೆಲ್ಲ ಕೊಳೆ ನದಿಗೆ ಉಕ್ಕತೊಡಗಿತು. ಅದನ್ನು ತಡೆಯಲು 25 ಕಿಲೋಮೀಟರ್ ಉದ್ದದ ಹೊಸ ಸುರಂಗ ಬೇಕಾಯಿತು. 2025ರಲ್ಲಿ ಅದಕ್ಕೆ ಎಲ್ಲ ಜೋಡಣೆಗಳೂ ಪೂರ್ಣಗೊಂಡವು. ಸೋನೆಮಳೆಯನ್ನೂ ಹಗುರಾಗಿ ಕಾಣುವಂತಿಲ್ಲ!

ಆ ರಾತ್ರಿ ಊಟದ ಹೊತ್ತಿನಲ್ಲಿ ಮಗಳು ಕೇಳಿದಳು: "ಅಪ್ಪಾ, ನಮ್ಮೂರಲ್ಲಿ ಈ ವರ್ಷ ಎಷ್ಟು ಮಳೆ ಆಯ್ತು?"

"ಚೆನ್ನಾಗಿ ಆಯ್ತು ಮಗಾ, ಕೆರೆ ಕೋಡಿ ಬಿತ್ತು" ಎಂದರು ತಂದೆ. ಎಷ್ಟು ಮಿಲಿಮೀಟರ್ ಎಂದಾಗ ಮೂರು ದಿನದಿಂದ ಲಂಡನ್ ಮಳೆಯನ್ನು ಹಾಸ್ಯ ಮಾಡುತ್ತಿದ್ದ ನಾಲ್ವರಲ್ಲೂ ಉತ್ತರವಿರಲಿಲ್ಲ.

ಹಾಗೆಂದು ಕೋಡಿಯ ಲೆಕ್ಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಐದನೆಯ ಶತಮಾನದ ಸ್ತಂಭಶಾಸನ, ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳಿಗೆ ಹಂಚುವ ಉಪಾಯವೇ ಕೆರೆ. ಲಂಡನ್ನಿಗೆ ಆಕಾಶವೇ ಹಂಚಿಕೊಟ್ಟದ್ದನ್ನು ಈ ಸೀಮೆಯಲ್ಲಿ ಜನರೇ ಹಂಚಿಕೊಳ್ಳಬೇಕಾಯಿತು. ಕೆರೆಯಲ್ಲಿ ಹೂಳು ತುಂಬಿದರೆ ಕೋಡಿ ಬೇಗನೆ ಬೀಳುತ್ತದೆ. ಆಗ ಆ ಅಳತೆಯೂ ಸುಳ್ಳು ಹೇಳುತ್ತದೆ, ಬೇಸಿಗೆಗೆ ನೀರೂ ಉಳಿಯುವುದಿಲ್ಲ.

ಆದ್ದರಿಂದ ಎರಡು ಲೆಕ್ಕವೂ ಬೇಕು. ವಿದ್ಯಾರ್ಥಿಗಳು ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ಸಮತಟ್ಟಾದ ತಳದ ಗಾಜಿನ ಪಾತ್ರೆಯನ್ನು ಮರದ ನೆರಳಿಲ್ಲದ ಬಯಲಿನಲ್ಲಿಟ್ಟು, ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳತೆಪಟ್ಟಿಯಿಂದ ನೀರಿನ ಎತ್ತರ ನೋಡಿ ಬರೆದಿಡಬಹುದು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿನ ಮೇಲೆ ಲಂಡನ್ನಿನಷ್ಟೇ ಮಳೆ ಬಿದ್ದರೂ ವರ್ಷಕ್ಕೆ 60,000 ಲೀಟರ್ ಆಗುತ್ತದೆ. ಸೊರಬದ ಮಾಡಿನ ಮೇಲೆ ಎಷ್ಟು ಬೀಳುತ್ತದೆಂದು ಮಕ್ಕಳೇ ಅಳೆದು ಮನೆಯವರಿಗೆ ಹೇಳಲಿ.